ಹಗಲು ಹೊತ್ತಿನ ನಕ್ಷತ್ರ ವೀಕ್ಷಣೆ

ವಿಶ್ವವಿದ್ಯಾಲಯದ ವಿಜ್ಞಾನ ಸಂಘದ ಉದ್ಘಾಟನೆ ಬೆಳಿಗ್ಗೆ ಹತ್ತೂವರೆಗೆ ಎಂದು ಆಹ್ವಾನ ಪತ್ರಿಕೆಯಲ್ಲಿ ಅಚ್ಚಾಗಿತ್ತು. ದೀಪ ಹೊತ್ತಿದ್ದು ಹನ್ನೆರಡು ದಾಟಿದ ಮೇಲೆ.

ಅತಿಥಿಗಳು ತಡಮಾಡಿದರು ಎಂದುಕೊಳ್ಳಬೇಡಿ. ಅವರು ಹತ್ತಕ್ಕೇ ಬಂದು ಕುಲಸಚಿವರ ಕೋಣೆಯಲ್ಲಿ ಗೋಡಂಬಿ ತಿನ್ನುತ್ತಾ ಕೂತಿದ್ದರು. ಮೈಕು ಕೆಟ್ಟಿರಲಿಲ್ಲ. ಕರೆಂಟೂ ಇತ್ತು. ಹುಡುಗ ಹುಡುಗಿಯರು ಸೆಮಿನಾರ್ ಹಾಲಿನಲ್ಲಿ ಬೆವರುತ್ತಾ ಕಾಯುತ್ತಿದ್ದರು. ಅಂದು ಶುಕ್ರವಾರ, ಅಷ್ಟೆ. ಶುಕ್ರವಾರ ಹತ್ತೂವರೆಯಿಂದ ಹನ್ನೆರಡರವರೆಗೆ ರಾಹುಕಾಲ. ಕಾರ್ಡು ಅಚ್ಚಾದ ಮೇಲೆ ಯಾರೋ ಪುಣ್ಯಾತ್ಮರು ಗೋಡೆಯ ಕ್ಯಾಲೆಂಡರ್ ನೋಡಿದ್ದರು.

ಭೌತಶಾಸ್ತ್ರದ ಮೇಷ್ಟ್ರುಗಳೆಲ್ಲ ಅಲ್ಲೇ ಇದ್ದರು. ಒಬ್ಬರೂ ಬಾಯಿಬಿಡಲಿಲ್ಲ. ಒಂದು ಸೆಕೆಂಡು ಎಂದರೆ ಸೀಸಿಯಂ ಪರಮಾಣುವಿನ ವಿಕಿರಣದ 919 ಕೋಟಿ 26 ಲಕ್ಷ 31 ಸಾವಿರದ 770 ಕಂಪನಗಳ ಅವಧಿ ಎಂದು ಬೋರ್ಡಿನ ಮೇಲೆ ಬರೆದು ಪಾಠ ಹೇಳುವವರು ಅವರು. ಅಷ್ಟು ನಾಜೂಕಾಗಿ ಅಳೆದ ಸೆಕೆಂಡುಗಳಲ್ಲಿ 5,400ನ್ನು ಎತ್ತಿ ರಾಹುವಿನ ಕೈಗಿಟ್ಟರು.

ಭಾಷಣದ ವಿಷಯ ‘ವೈಜ್ಞಾನಿಕ ಮನೋಭಾವ’.

ಮುಖ್ಯ ಅತಿಥಿಗಳು ಸಂವಿಧಾನದಿಂದಲೇ ಶುರುಮಾಡಿದರು. 51ಎ ವಿಧಿ, 1976ರ 42ನೇ ತಿದ್ದುಪಡಿ, ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ನಾಗರಿಕನ ಮೂಲಭೂತ ಕರ್ತವ್ಯ. ಎಲ್ಲ ಸರಿ. ಅಲ್ಲಿಂದ ನೇರವಾಗಿ ದೇವಸ್ಥಾನದ ಗಂಟೆಗೆ ಹಾರಿದರು. ಗಂಟೆಯ ನಾದಕ್ಕೆ ಸುತ್ತಲಿನ ರೋಗಾಣುಗಳೆಲ್ಲ ಸಾಯುತ್ತವಂತೆ. ಸೂಕ್ಷ್ಮಜೀವಶಾಸ್ತ್ರ ವಿಭಾಗದವರು ಮೂರನೇ ಸಾಲಿನಲ್ಲಿದ್ದರು. ಅವರೂ ಚಪ್ಪಾಳೆ ತಟ್ಟಿದರು.

ಒಂದೆರಡು ಪೆಟ್ರಿ ತಟ್ಟೆ, ಒಂದು ಗಂಟೆ, ಎರಡು ದಿನ. ಈ ಮಾತು ನಿಜವೋ ಸುಳ್ಳೋ ಪರೀಕ್ಷಿಸಲು ಬೇಕಾದದ್ದು ಇಷ್ಟೇ. ತಟ್ಟೆ ವಿಭಾಗದಲ್ಲಿದೆ. ಗಂಟೆ ಗೇಟಿನ ಪಕ್ಕದ ಗಣಪತಿ ಗುಡಿಯಲ್ಲಿದೆ. ಎರಡು ದಿನ ಬಿಡುವು ಮಾತ್ರ ಯಾರಿಗೂ ಇಲ್ಲ. ಸಂಘದ ಕೆಲಸವೇ ಅಷ್ಟಿದೆ.

ಕಾರ್ಯಕ್ರಮ ಪಟ್ಟಿಯಲ್ಲಿ ‘ಪ್ರಶ್ನೋತ್ತರ’ ಇತ್ತು. ಊಟ ಆರಿಹೋಗುತ್ತದೆಂದು ಅದನ್ನು ಕೈಬಿಟ್ಟರು. ವಂದನಾರ್ಪಣೆಯನ್ನು ಕೈಬಿಡಲಿಲ್ಲ. ಕುಲಪತಿಗಳಿಂದ ಹಿಡಿದು ಶಾಮಿಯಾನದವರವರೆಗೆ ಎಲ್ಲರನ್ನೂ ನೆನೆದರು. ವಿಜ್ಞಾನ ಒಂದನ್ನು ಬಿಟ್ಟು.

ಊಟದ ಸಾಲಿನಲ್ಲಿ ಸಂಚಾಲಕರನ್ನು ಕೇಳಿದೆ. ‘ರಾಹುಕಾಲ ಅಂತ ಒಂದೂವರೆ ಗಂಟೆ ಮಕ್ಕಳನ್ನ ಕೂಡಿಹಾಕಿದ್ರಲ್ಲ, ಇದು ಯಾವ ವಿಜ್ಞಾನ ಸಾರ್?’

‘ಇಸ್ರೋದವರೇ ತಿರುಪತಿಗೆ ಹೋಗ್ತಾರಲ್ಲ ಸಾರ್, ನಮ್ಮದೇನು ಮಹಾ’ ಎಂದರು. ಈ ಉತ್ತರ ಅವರ ಕಿಸೆಯಲ್ಲಿ ಸದಾ ಸಿದ್ಧವಿರುತ್ತದೆ.

ಹೌದು, ಹೋಗುತ್ತಾರೆ. ಉಡಾವಣೆಗೆ ಮುಂಚೆ ಪುಟ್ಟ ರಾಕೆಟ್ಟಿನ ಪ್ರತಿಕೃತಿ ಹಿಡಿದು ತಿಮ್ಮಪ್ಪನ ಸನ್ನಿಧಿಗೆ ಹೋದ ಚಿತ್ರಗಳು ಪತ್ರಿಕೆಗಳಲ್ಲಿ ಬಂದಿವೆ. ನನಗೆ ಅದೂ ಸರಿಕಾಣುವುದಿಲ್ಲ. ಆದರೆ ಅವರು ಬೆಟ್ಟ ಇಳಿದು ಬಂದು ರಾಕೆಟ್ ಹಾರಿಸುತ್ತಾರೆ. 2023ರ ಆಗಸ್ಟ್ 23ರಂದು ಚಂದ್ರನ ದಕ್ಷಿಣ ಧ್ರುವದ ಹತ್ತಿರ ಇಳಿದದ್ದು ನೌಕೆ, ಪ್ರತಿಕೃತಿಯಲ್ಲ. ನಿಮ್ಮ ಸಂಘದಲ್ಲಿ ಕಾಯಿ ಒಡೆದ ಮೇಲೆ ಮುಂದಿನ ಕಾರ್ಯಕ್ರಮ ಊಟ.

ನನಗೇಕೆ ಇಷ್ಟು ಉರಿ ಎಂದು ಕೇಳಬಹುದು. ಮಗಳು ಅಲ್ಲಿ ಎಂ.ಎಸ್ಸಿ. ಓದುತ್ತಿದ್ದಾಳೆ. ಶುಲ್ಕದ ರಸೀದಿಯಲ್ಲಿ ‘ಸೈನ್ಸ್ ಫೋರಂ’ ಎಂದು ಒಂದು ಸಾಲು ಇದೆ. ಅದರ ಮುಂದೆ ಒಂದು ಮೊತ್ತ ಇದೆ. ಆ ಮೊತ್ತ ನನ್ನ ಜೇಬಿನಿಂದ ಹೋಗುತ್ತದೆ. ಬಯ್ಯುವ ಹಕ್ಕನ್ನು ದುಡ್ಡು ಕೊಟ್ಟು ಕೊಂಡಿದ್ದೇನೆ.

ಈ ಸಂಘ ಇರುವುದು ಯಾರಿಗಾಗಿ? ವಿದ್ಯಾರ್ಥಿಗಳಿಗಾಗಿ ಎಂದು ನೀವು ಹೇಳಿದರೆ ನಿಮ್ಮ ಮುಗ್ಧತೆಗೆ ನಮಸ್ಕಾರ. ಸಂಘ ಇರುವುದು ಫೈಲಿಗಾಗಿ. ಫೈಲು ಇರುವುದು ನ್ಯಾಕ್‌ಗಾಗಿ.

ನ್ಯಾಕ್ ಹುಟ್ಟಿದ್ದು 1994ರಲ್ಲಿ. ಕಚೇರಿ ನಮ್ಮ ಬೆಂಗಳೂರಿನ ನಾಗರಭಾವಿಯಲ್ಲೇ ಇದೆ. ಉನ್ನತ ಶಿಕ್ಷಣದ ಗುಣಮಟ್ಟ ಅಳೆಯುವುದು ಅದರ ಕೆಲಸ. ಉದ್ದೇಶ ಒಳ್ಳೆಯದೇ. ಆದರೆ ಅಳೆಯಲು ಬರುವವರಿಗೆ ತೋರಿಸಲು ದಾಖಲೆ ಬೇಕು. ದಾಖಲೆಗೆ ಚಟುವಟಿಕೆ ಬೇಕು. ಚಟುವಟಿಕೆಗೆ ಫೋಟೋ ಬೇಕು. ಫೋಟೋಗೆ ಜಿಯೋಟ್ಯಾಗ್ ಬೇಕು. ಜಿಯೋಟ್ಯಾಗ್ ಸಿಕ್ಕ ಮೇಲೆ ಚಟುವಟಿಕೆ ಯಾಕೆ ಬೇಕು?

2025ರ ಫೆಬ್ರವರಿಯಲ್ಲಿ ಲಂಚದ ಆರೋಪದ ಮೇಲೆ ನ್ಯಾಕ್ ತಪಾಸಣಾ ತಂಡದವರನ್ನೇ ಸಿಬಿಐ ಬಂಧಿಸಿತು. ನಮ್ಮ ಸಂಚಾಲಕರಿಗೆ ಆ ಸುದ್ದಿ ಓದಿ ನಿಜಕ್ಕೂ ಬೇಸರವಾಯಿತಂತೆ. ‘ನಾವು ಇಷ್ಟು ಕಷ್ಟಪಟ್ಟು ಫೋಟೋ ತೆಗೀತೀವಿ’ ಎಂದರಂತೆ.

ಆ ಜಿಯೋಟ್ಯಾಗ್ ಇದೆಯಲ್ಲ, ಅದರ ಹಿಂದಿರುವ ವಿಜ್ಞಾನ ನೋಡಿ. ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಜಿಪಿಎಸ್ ಉಪಗ್ರಹಗಳು ಸುತ್ತುತ್ತಿವೆ. ಒಂದೊಂದರಲ್ಲೂ ಪರಮಾಣು ಗಡಿಯಾರ. ಆ ಗಡಿಯಾರಗಳು ನೆಲದ ಗಡಿಯಾರಕ್ಕಿಂತ ದಿನಕ್ಕೆ 38 ಮೈಕ್ರೊಸೆಕೆಂಡು ಮುಂದೆ ಓಡುತ್ತವೆ. ಐನ್‌ಸ್ಟೈನ್ ಹೇಳಿಕೊಟ್ಟ ಲೆಕ್ಕದಂತೆ ಅದನ್ನು ಸರಿದೂಗಿಸದಿದ್ದರೆ ಒಂದೇ ದಿನದಲ್ಲಿ ನಿಮ್ಮ ಫೋನು ನಿಮ್ಮನ್ನು ಪಕ್ಕದ ಊರಿನಲ್ಲಿ ತೋರಿಸುತ್ತದೆ. ಇಷ್ಟೆಲ್ಲ ಸಾಪೇಕ್ಷತೆ ದುಡಿದು ಕೊನೆಗೆ ಹೇಳುವ ಸಾಕ್ಷಿ ಏನು? ಇಂಥ ಮೇಷ್ಟ್ರು ಇಂಥ ಫ್ಲೆಕ್ಸಿನ ಮುಂದೆ ನಿಂತು ಹಲ್ಲು ಕಿರಿದರು ಎಂದು.

ಫ್ಲೆಕ್ಸ್ ಎಂದೆನಲ್ಲ, ಅದರದ್ದೇ ಒಂದು ಕಥೆ. ಸಂಘದ ಬಳಿ ಒಂದು ಬ್ಯಾನರ್ ಇದೆ. ರಾಮನ್, ಕಲಾಂ, ಕುಲಪತಿ, ಕುಲಸಚಿವರು ನಾಲ್ಕು ಮೂಲೆಗೆ. ಕುಲಪತಿಗಳ ಮುಖ ರಾಮನ್ ಮುಖಕ್ಕಿಂತ ದೊಡ್ಡದು. ನಡುವೆ ದಿನಾಂಕದ ಜಾಗ ಖಾಲಿ. ಅಲ್ಲಿಗೆ ಸ್ಟಿಕ್ಕರ್ ಅಂಟಿಸುತ್ತಾರೆ. ಪರಿಸರ ದಿನಕ್ಕೂ ಅದೇ ಬ್ಯಾನರ್. ಫ್ಲೆಕ್ಸು, ಬ್ಯಾನರು, ಪ್ಲಾಸ್ಟಿಕ್ ತಟ್ಟೆ ಲೋಟ ಎಲ್ಲವನ್ನೂ ರಾಜ್ಯ ಸರ್ಕಾರ 2016ರ ಮಾರ್ಚ್‌ನಲ್ಲೇ ನಿಷೇಧಿಸಿದೆ. ಅಲಂಕಾರದ ಥರ್ಮಾಕೋಲನ್ನು ಕೇಂದ್ರ ಸರ್ಕಾರ 2022ರ ಜುಲೈ 1ರಿಂದ ನಿಷೇಧಿಸಿದೆ. ಪರಿಸರ ದಿನದಂದು ನಮ್ಮ ವಿಜ್ಞಾನ ಸಂಘ ಫ್ಲೆಕ್ಸ್ ಕಟ್ಟಿ, ಥರ್ಮಾಕೋಲಿನಲ್ಲಿ ಕೊರೆದ ಭೂಮಿಗೆ ಹಾರ ಹಾಕಿ, ಪ್ಲಾಸ್ಟಿಕ್ ತ್ಯಜಿಸುವ ಪ್ರತಿಜ್ಞೆ ತೆಗೆದುಕೊಂಡಿತು. ಆಮೇಲೆ ಪ್ಲಾಸ್ಟಿಕ್ ಲೋಟದಲ್ಲಿ ಬಾದಾಮಿ ಹಾಲು ಕುಡಿಯಿತು.

ಇನ್ನು ಪ್ರವಾಸಕ್ಕೆ ಬರೋಣ. ಸಂಘದ ಆತ್ಮ ಇರುವುದು ಅಲ್ಲೇ.

ಕಳೆದ ಫೆಬ್ರವರಿಯಲ್ಲಿ ಹೋದದ್ದು ಮಲ್ಪೆಯ ಸೇಂಟ್ ಮೇರೀಸ್ ದ್ವೀಪಕ್ಕೆ. ಆದೇಶದಲ್ಲಿ ‘ವಿಜ್ಞಾನ ದಿನಾಚರಣೆ ಅಂಗವಾಗಿ ಭೂವೈಜ್ಞಾನಿಕ ಕ್ಷೇತ್ರಾಧ್ಯಯನ’ ಎಂದು ಬರೆದಿತ್ತು. ವಾಟ್ಸ್ಆ್ಯಪ್ ಗುಂಪಿನಲ್ಲಿ ‘ಬೀಚ್ ಟ್ರಿಪ್’ ಎಂದಿತ್ತು. ಎರಡರಲ್ಲಿ ಯಾವುದು ಸತ್ಯ ಎಂದು ಬಸ್ಸಿಗೆ ಕಟ್ಟಿಸಿದ ಸ್ಪೀಕರ್ ಡಬ್ಬಗಳೇ ಹೇಳುತ್ತಿದ್ದವು.

ಬಸ್ಸಿನ ಚಕ್ರಕ್ಕೆ ನಿಂಬೆಹಣ್ಣು ಇಟ್ಟರು. ಚಾಲಕ ಇಟ್ಟದ್ದಲ್ಲ. ಚಾಲಕ ಬ್ರೇಕ್ ನೋಡಿಕೊಂಡ, ಟೈರಿನ ಗಾಳಿ ನೋಡಿಕೊಂಡ. ಇಡೀ ತಂಡದಲ್ಲಿ ವೈಜ್ಞಾನಿಕವಾಗಿ ವರ್ತಿಸಿದವನು ಅವನೊಬ್ಬನೇ. ಹಣ್ಣು ತಂದದ್ದು ಸಂಘದ ವಿದ್ಯಾರ್ಥಿ ಅಧ್ಯಕ್ಷ. ಅವನು ಎಂ.ಎಸ್ಸಿ. ಭೌತಶಾಸ್ತ್ರ. ಘರ್ಷಣೆಯ ನಿಯಮಗಳ ಮೇಲೆ ಅವನಿಗೆ ಅಷ್ಟು ಭರವಸೆಯಿಲ್ಲ.

ಮೇಷ್ಟ್ರುಗಳನ್ನೇ ಬಯ್ಯುತ್ತಾ ಹುಡುಗರನ್ನು ಹೊಗಳುವ ಚಾಳಿ ನಮ್ಮ ಕಡೆಯ ಲೇಖಕರಿಗಿದೆ. ನನಗಿಲ್ಲ. ಈ ಅಧ್ಯಕ್ಷ ಮಹಾಶಯ ಸಂಘಕ್ಕೆ ಸೇರಿದ್ದು ಬಯೋಡೇಟಾದ ಒಂದು ಸಾಲಿಗಾಗಿ. ಕಾರ್ಯದರ್ಶಿ ಸೇರಿದ್ದು ಅಧ್ಯಕ್ಷನ ಜೊತೆ ಓಡಾಡಲು. ಖಜಾಂಚಿ ಸೇರಿದ್ದರ ಕಾರಣ ನಾನು ಹೇಳಬೇಕಾಗಿಲ್ಲ.

ಬಸ್ಸಿನಲ್ಲಿ ಭೂವಿಜ್ಞಾನದ ಮೇಷ್ಟ್ರು ಇರಲಿಲ್ಲ. ಸೀಟು ಸಾಲಲಿಲ್ಲ. ಸೂಪರಿಂಟೆಂಡೆಂಟರ ಮನೆಯವರು, ಅವರ ನಾದಿನಿ, ನಾದಿನಿಯ ಇಬ್ಬರು ಮಕ್ಕಳು ಬಂದಿದ್ದರು. ಭೂವೈಜ್ಞಾನಿಕ ಕ್ಷೇತ್ರಾಧ್ಯಯನಕ್ಕೆ ಭೂವಿಜ್ಞಾನಿಯೊಬ್ಬನನ್ನು ಬಿಟ್ಟು ಉಳಿದವರೆಲ್ಲ ಹೊರಟರು.

ದಾರಿಯಲ್ಲೇ ಅಭಿಪ್ರಾಯ ಸಂಗ್ರಹದ ಹಾಳೆ ಹಂಚಿದರು. ‘ಪ್ರವಾಸದಿಂದ ನಿಮ್ಮ ಜ್ಞಾನ ಎಷ್ಟು ವೃದ್ಧಿಸಿತು?’ ಐದಕ್ಕೆ ಐದು ಹಾಕಿ ಎಂದು ಸಂಚಾಲಕರು ಮೈಕಿನಲ್ಲಿ ಹೇಳಿದರು. ಬಸ್ಸು ಆಗ ಇನ್ನೂ ಶಿವಮೊಗ್ಗ ದಾಟಿರಲಿಲ್ಲ. ಸಮುದ್ರ ಕಾಣುವ ಮೊದಲೇ ಜ್ಞಾನ ಪೂರ್ತಿ ವೃದ್ಧಿಸಿತ್ತು.

ಆ ದ್ವೀಪ ಎಂಥದ್ದು ಗೊತ್ತೇ? ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಸಾರಿದ ಜಾಗ. ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಬಿಡಿಸಿಕೊಂಡು ದೂರ ಸರಿಯುತ್ತಿದ್ದ ಕಾಲದಲ್ಲಿ, ಒಳಗಿನಿಂದ ಉಕ್ಕಿದ ಲಾವಾ ಅಲ್ಲಿ ಕಲ್ಲಾಗಿದೆ. ಆರುತ್ತಾ ಕುಗ್ಗಿತು. ಕುಗ್ಗುತ್ತಾ, ಕೆರೆಯ ಅಂಗಳ ಒಣಗಿದಾಗ ಮಣ್ಣು ಬಿರಿಯುವಂತೆ, ಬಿರುಕು ಬಿಟ್ಟಿತು. ಬಿರುಕು ಆಳಕ್ಕಿಳಿದು ಕಂಬಗಳಾದವು. ಐದು ಮೂಲೆ, ಆರು ಮೂಲೆ, ಏಳು ಮೂಲೆಯ ಕಂಬಗಳು, ಯಾರೋ ಉಳಿ ಹಿಡಿದು ಕೆತ್ತಿ ನಿಲ್ಲಿಸಿದಂತೆ ಸಾಲಾಗಿ ನಿಂತಿವೆ. ಒಂದು ಖಂಡ ಒಡೆದದ್ದರ ಗುರುತಿನ ಮೇಲೆ ಕೈಯಿಟ್ಟು ನೋಡಬಹುದು.

ನಮ್ಮವರು ಬ್ಯಾನರ್ ಇಟ್ಟರು.

ಮಗಳು ಮೊಬೈಲಿನಲ್ಲಿ ತೆಗೆದ ವಿಡಿಯೋ ನನ್ನ ಬಳಿ ಇದೆ. ಗಾಳಿಗೆ ಬ್ಯಾನರ್ ಪಟಪಟ ಹೊಡೆದುಕೊಳ್ಳುತ್ತಿದೆ. ನಾಲ್ಕು ಹುಡುಗರು ನಾಲ್ಕು ತುದಿ ಹಿಡಿದು ಜೋತಾಡುತ್ತಿದ್ದಾರೆ. ಕುಲಪತಿಗಳ ಮುಖ ಒಮ್ಮೆ ಉಬ್ಬುತ್ತದೆ, ಒಮ್ಮೆ ಒಳಕ್ಕೆ ಹೋಗುತ್ತದೆ. ಒಬ್ಬ ಹುಡುಗ ಬ್ಯಾನರಿನ ಕೆಳತುದಿಯನ್ನು ಕಲ್ಲಿನ ಕಂಬದ ತಲೆಗೆ ಗಮ್ ಟೇಪಿನಿಂದ ಅಂಟಿಸಲು ನೋಡುತ್ತಿದ್ದಾನೆ. ಕಲ್ಲು ಒದ್ದೆ. ಟೇಪು ಕಚ್ಚುತ್ತಿಲ್ಲ. 8.8 ಕೋಟಿ ವರ್ಷ ನಿಂತ ಕಲ್ಲಿಗೆ ಆ ಹುಡುಗ ಬಯ್ಯುತ್ತಿದ್ದಾನೆ. ಸಂಚಾಲಕರು ದೂರದಿಂದ ಕೂಗುತ್ತಿದ್ದಾರೆ. ‘ಎಲ್ರೂ ಬ್ಯಾನರ್ ಕಾಣೋ ಹಾಗೆ ನಿಂತ್ಕೊಳ್ರಪ್ಪಾ. ಲೊಕೇಶನ್ ಆನ್ ಮಾಡ್ಕೊಳ್ಳಿ. ಆ ಕಲ್ಲು ಅಡ್ಡ ಬರ್ತಿದೆ, ಈ ಕಡೆ ಬನ್ನಿ!’

ಕಲ್ಲು ಅಡ್ಡ ಬರುತ್ತಿದೆಯಂತೆ.

ಮಗಳು ಒಂದು ಪ್ರಶ್ನೆ ಕೇಳಿದ್ದಾಳೆ. ವಿಡಿಯೋದಲ್ಲಿ ಅದೂ ದಾಖಲಾಗಿದೆ. ‘ಸಾರ್, ಇವೆಲ್ಲ ಹೆಚ್ಚುಕಡಿಮೆ ಆರೇ ಮೂಲೆ ಯಾಕಿವೆ?’

‘ನೇಚರ್ ಕಣಮ್ಮ. ಬಾ, ಫೋಟೋಗೆ ನಿಂತ್ಕೋ, ಬೋಟ್ ಹೊರಡುತ್ತೆ.’

ವಿಜ್ಞಾನ ದಿನಾಚರಣೆಯ ಪ್ರವಾಸ ಇದು. ಆ ದಿನ ಯಾವುದು ಎಂದು ಅವರಿಗೆ ನೆನಪಿದ್ದರೆ! 1928ರ ಫೆಬ್ರವರಿ 28ರಂದು ಕಲ್ಕತ್ತೆಯಲ್ಲಿ ಸಿ.ವಿ. ರಾಮನ್ ಬೆಳಕಿನ ಚದುರುವಿಕೆಯಲ್ಲಿ ಹೊಸದೊಂದನ್ನು ಕಂಡ ದಿನ. ಆ ದಾರಿ ಶುರುವಾದದ್ದೂ ಒಂದು ಸಮುದ್ರಯಾನದಲ್ಲೇ. 1921ರಲ್ಲಿ ಅವರು ಎಸ್.ಎಸ್. ನಾರ್ಕುಂಡಾ ಎಂಬ ಹಡಗಿನಲ್ಲಿ ಇಂಗ್ಲೆಂಡಿನಿಂದ ವಾಪಸು ಬರುತ್ತಿದ್ದರು. ಮೆಡಿಟರೇನಿಯನ್ ಸಮುದ್ರದ ನೀಲಿ ಕಣ್ಣಿಗೆ ಬಿತ್ತು. ಆಕಾಶದ ನೀಲಿಯೇ ನೀರಿನಲ್ಲಿ ಪ್ರತಿಫಲಿಸಿ ಹಾಗೆ ಕಾಣುತ್ತದೆ ಎಂದು ಲಾರ್ಡ್ ರೇಲೀ ಹೇಳಿದ್ದರು. ರೇಲೀ ಎಂದರೆ ನೊಬೆಲ್ ಪಡೆದವರು. ರಾಮನ್ ಸುಮ್ಮನೆ ತಲೆಯಾಡಿಸಲಿಲ್ಲ. ಜೊತೆಯಲ್ಲಿದ್ದ ನಿಕಲ್ ಪ್ರಿಸಂ ತೆಗೆದು, ನೀರಿನ ಮೇಲ್ಮೈಯ ಪ್ರತಿಫಲನವನ್ನು ಕಳೆದು ನೋಡಿದರು. ನೀಲಿ ಹಾಗೇ ಉಳಿಯಿತು. ಹಡಗು ಬೊಂಬಾಯಿ ಬಂದರು ಮುಟ್ಟುವ ಹೊತ್ತಿಗೆ ‘ನೇಚರ್’ ಪತ್ರಿಕೆಗೆ ಪತ್ರ ಸಿದ್ಧವಾಗಿತ್ತು.

ಪ್ರಿಸಂ ನಮ್ಮ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲೂ ಇದೆ. ಮಲ್ಪೆಗೆ ಒಯ್ಯಲಿಲ್ಲ. ಸೆಲ್ಫಿ ಕೋಲು ಒಯ್ದರು.

ಅಷ್ಟಕ್ಕೂ ಹಳೆಯ ಕಲ್ಲು ನೋಡಲು ಸಮುದ್ರ ದಾಟಬೇಕಾಗಿರಲಿಲ್ಲ. ಕ್ಯಾಂಪಸ್ಸಿನ ಹಿಂದೆಯೇ ಬಂಡೆಯಿದೆ. ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗೋಪುರ ಹೊತ್ತು ನಿಂತಿದೆಯಲ್ಲ, ಸುಮಾರು 300 ಕೋಟಿ ವರ್ಷದ ಬಂಡೆ, ಅದೇ ಜಾತಿಯದು. ಮಲ್ಪೆಯ ಕಲ್ಲು ಅದರ ಮುಂದೆ ಹಸುಗೂಸು. ಲಾಲ್‌ಬಾಗಿನದಕ್ಕೆ ಸ್ಮಾರಕದ ಫಲಕ ಸಿಕ್ಕಿತು. ನಮ್ಮ ಕ್ಯಾಂಪಸ್ಸಿನದನ್ನು ಕ್ರಷರಿನವರು ಜಲ್ಲಿ ಮಾಡುತ್ತಿದ್ದಾರೆ. ತರಗತಿಯಲ್ಲಿ ಕೂತರೆ ಸಿಡಿಮದ್ದಿನ ಸದ್ದು ಕೇಳುತ್ತದೆ. ಸಂಘ ಅತ್ತ ತಲೆಹಾಕಿಲ್ಲ. ಅದು ತೀರಾ ಹತ್ತಿರ ನೋಡಿ. ಟಿ.ಎ., ಡಿ.ಎ. ಹುಟ್ಟುವುದಿಲ್ಲ.

ಈಗ ಆಕಾಶದ ವಿಚಾರ.

ಸಂಘದ ಹತ್ತಿರ ದೂರದರ್ಶಕ ಒಂದಿದೆ. ಒಳ್ಳೆಯದೇ. ಯಾವುದೋ ಅನುದಾನದ ಹಣ ಮಾರ್ಚ್ ಮುಗಿಯುವುದರೊಳಗೆ ಖರ್ಚಾಗಬೇಕಿತ್ತು, ಕೊಂಡರು. ಅಂದಿನಿಂದ ಅದು ಗಾಡ್ರೆಜ್ ಬೀರುವಿನೊಳಗೆ ಗಾಢ ನಿದ್ರೆಯಲ್ಲಿದೆ. ಡೆಡ್ ಸ್ಟಾಕ್ ರಿಜಿಸ್ಟರಿನಲ್ಲಿ ಅದರ ಹೆಸರಿದೆ. ವರ್ಷಕ್ಕೊಮ್ಮೆ ಸ್ಟಾಕ್ ವೆರಿಫಿಕೇಶನ್ ದಿನ ಬೀರು ತೆಗೆದು, ಇದೆ ಎಂದು ಟಿಕ್ ಹಾಕಿ, ಮತ್ತೆ ಬೀಗ ಹಾಕುತ್ತಾರೆ. ಯಾಕೆ ಹೊರಗೆ ತೆಗೆಯುವುದಿಲ್ಲ ಎಂದು ಕೇಳಿದರೆ ಸ್ಟೋರ್‌ಕೀಪರರ ಮರುಪ್ರಶ್ನೆ: ‘ಲೆನ್ಸ್ ಒಡೆದ್ರೆ ನೀವು ಕಟ್ತೀರಾ?’

ಗೆಲಿಲಿಯೊ 1610ರ ಜನವರಿಯಲ್ಲಿ ಗುರುಗ್ರಹದ ಉಪಗ್ರಹಗಳನ್ನು ಕಂಡದ್ದು ಇದಕ್ಕಿಂತ ಎಷ್ಟೋ ಕಳಪೆ ಗಾಜಿನಲ್ಲಿ. ಅವನಿಗೆ ಚರ್ಚಿನ ಕಾಟ ಇತ್ತು ನಿಜ. ಡೆಡ್ ಸ್ಟಾಕ್ ರಿಜಿಸ್ಟರಿನ ಕಾಟ ಇರಲಿಲ್ಲ.

ಆದರೂ ಒಂದು ದಿನ ಬೀರು ತೆಗೆದರು. ನ್ಯಾಕ್ ಹತ್ತಿರ ಬಂದಿತ್ತು. ‘ನಕ್ಷತ್ರ ವೀಕ್ಷಣೆ’ ಎಂಬ ಕಾರ್ಯಕ್ರಮ ಗೊತ್ತಾಯಿತು. ಸಮಯ: ಸಂಜೆ ನಾಲ್ಕರಿಂದ ಐದೂವರೆ.

ಅಚ್ಚಿನ ತಪ್ಪಲ್ಲ. ನಾಲ್ಕರಿಂದ ಐದೂವರೆಯೇ. ಹೆಣ್ಣುಮಕ್ಕಳ ಹಾಸ್ಟೆಲಿನ ಗೇಟು ಆರೂವರೆಗೆ ಮುಚ್ಚುತ್ತದೆ. ಗೇಟಿನ ಸಮಯ ಬದಲಿಸಲು ಸಿಂಡಿಕೇಟ್ ನಿರ್ಣಯ ಬೇಕಂತೆ. ನಕ್ಷತ್ರಗಳ ಸಮಯ ಬದಲಿಸಲು ಸಂಚಾಲಕರ ಸಹಿ ಸಾಕಾಯಿತು. ಆದೇಶದ ಕೊನೆಯಲ್ಲಿ ‘ಲಿಂಗ ಸಮಾನತೆಯ ದೃಷ್ಟಿಯಿಂದ’ ಎಂಬ ಮಾತೂ ಇತ್ತು. ಗಂಡುಮಕ್ಕಳು ಮಾತ್ರ ರಾತ್ರಿ ನೋಡಿದರೆ ಅನ್ಯಾಯ ಎಂದು ಯಾರಿಗೂ ಕಾಣದ ಹೊತ್ತನ್ನು ಆರಿಸಿದ್ದರು. ಜೊತೆಗೆ ಪೋಷಕರ ಮುಚ್ಚಳಿಕೆ ಪತ್ರ ಬೇರೆ. ನಾನೂ ಸಹಿ ಮಾಡಿದೆ. ‘ನಕ್ಷತ್ರ ವೀಕ್ಷಣೆಯ ವೇಳೆ ಸಂಭವಿಸುವ ಯಾವುದೇ ಅನಾಹುತಕ್ಕೆ ವಿಶ್ವವಿದ್ಯಾಲಯ ಹೊಣೆಯಲ್ಲ.’ ಬಿಸಿಲು ತಾಗೀತು ಎಂಬ ಭಯವಿರಬೇಕು.

ಸೂರ್ಯನ ಕಡೆ ತಿರುಗಿಸುವಂತಿಲ್ಲ, ಸೌರ ಫಿಲ್ಟರ್ ಇಲ್ಲದೆ ನೋಡಿದರೆ ಕಣ್ಣು ಹೋಗುತ್ತದೆ. ಫಿಲ್ಟರ್ ಕೊಂಡಿರಲಿಲ್ಲ. ಬೇರೆ ನಕ್ಷತ್ರ ಆ ಹೊತ್ತಿಗೆ ಕೆಲಸಕ್ಕೆ ಬಂದಿರಲಿಲ್ಲ. ಕೊನೆಗೆ ದೂರದರ್ಶಕವನ್ನು ಓವರ್‌ಹೆಡ್ ಟ್ಯಾಂಕಿನ ಕಡೆ ತಿರುಗಿಸಿದರು. ಟ್ಯಾಂಕಿನ ಅಂಚಿನಲ್ಲಿ ಕೂತಿದ್ದ ಕಾಗೆ ತಲೆಕೆಳಗಾಗಿ ಕಂಡಿತು. ಮಕ್ಕಳು ಸರದಿಯಲ್ಲಿ ನಿಂತು ಕಾಗೆ ನೋಡಿ ಹಾಜರಿ ಹಾಕಿದರು. ವರದಿಯಲ್ಲಿ ‘ವಿವಿಧ ಆಕಾಶಕಾಯಗಳ ವೀಕ್ಷಣೆ’ ಎಂದಿದೆ.

ಹೋಗಲಿ, ರಾತ್ರಿ ನೋಡಬೇಕಾದದ್ದು ತಾನಾಗಿ ಬಂದು ತಲೆಯ ಮೇಲೆ ನಿಂತಾಗಲಾದರೂ ನೋಡಿದರೇ?

2025ರ ಸೆಪ್ಟೆಂಬರ್ 7ರ ರಾತ್ರಿ ಪೂರ್ಣ ಚಂದ್ರಗ್ರಹಣ. ಹನ್ನೊಂದರ ಸುಮಾರಿನಿಂದ 82 ನಿಮಿಷ ಚಂದ್ರ ಭೂಮಿಯ ನೆರಳಿನೊಳಗೆ ಪೂರ್ತಿ ಮುಳುಗಿದ್ದ. ಚಂದ್ರಗ್ರಹಣ ನೋಡಲು ಕನ್ನಡಕ ಬೇಡ, ದೂರದರ್ಶಕ ಬೇಡ, ಬಸ್ಸು ಬೇಡ, ಬೀರುವಿನ ಕೀಲಿ ಬೇಡ. ಕತ್ತು ಎತ್ತಿದರೆ ಸಾಕು.

ಅಂದು ಸಂಜೆ ಆರಕ್ಕೇ ಹಾಸ್ಟೆಲಿನ ಊಟ ಮುಗಿಸಿ ಅಡುಗೆಮನೆಗೆ ಬೀಗ ಜಡಿದರು. ನೀರಿನ ಡ್ರಮ್ಮಿನ ಮೇಲೆ ದರ್ಭೆ ಇಟ್ಟರು. ಅದು ಶುದ್ಧನೀರಿನ ಘಟಕದ ಡ್ರಮ್ಮು. ಆರ್.ಒ. ಮಾಡಿದ ನೀರು, ಅದರ ಮೇಲೆ ನೇರಳಾತೀತ ಕಿರಣ, ಅದರ ಮೇಲೆ ದರ್ಭೆ. ಮೂರು ಹಂತದ ಶುದ್ಧೀಕರಣ. ವಿಜ್ಞಾನ ಸಂಘ ಗುಂಪಿನಲ್ಲಿ ಸಂದೇಶ ಹಾಕಿತು: ‘ಮೋಡ ಕವಿಯುವ ಸಾಧ್ಯತೆ ಇರುವುದರಿಂದ ಗ್ರಹಣ ವೀಕ್ಷಣೆ ಇರುವುದಿಲ್ಲ. ಎಲ್ಲರೂ ಕೊಠಡಿಯಲ್ಲೇ ಇರಿ.’ ಕೆಲವು ಹುಡುಗಿಯರು ಕದ್ದು ಮಹಡಿ ಹತ್ತಿದರು. ಮಗಳೂ ಇದ್ದಳು. ತಾಮ್ರದ ಬಣ್ಣಕ್ಕೆ ತಿರುಗಿದ ಚಂದ್ರನನ್ನು ಕಣ್ಣಾರೆ ಕಂಡರು. ವಾರ್ಡನ್ ಆ ಹುಡುಗಿಯರಿಗೆ ದಂಡ ಹಾಕಿದರು. ಆ ವಿಶ್ವವಿದ್ಯಾಲಯದಲ್ಲಿ ಖಗೋಳ ವಿಜ್ಞಾನಕ್ಕೆ ಸಂದ ಅಧಿಕೃತ ರಸೀದಿ ಅದೊಂದೇ. ಜೋಪಾನವಾಗಿ ಇಟ್ಟುಕೊಂಡಿದ್ದೇನೆ.

ಮುಂದಿನ ವಾರ ಅದೇ ಸಂಘ ‘ಗ್ರಹಣ: ಮೂಢನಂಬಿಕೆ ಮತ್ತು ವಾಸ್ತವ’ ಎಂಬ ವಿಚಾರ ಸಂಕಿರಣ ಏರ್ಪಡಿಸಿತು. ಪ್ರಮಾಣಪತ್ರವೂ ಉಂಟು.

ಇದನ್ನೆಲ್ಲ ನಕ್ಕು ಸುಮ್ಮನಾಗಬಹುದಿತ್ತು. ಆದರೆ 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ಕಲಬುರಗಿ ತಾಲ್ಲೂಕಿನ ತಾಜ್‌ಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತಿದ್ದರು. ಗ್ರಹಣದ ಹೊತ್ತಿನಲ್ಲಿ ಹೂತರೆ ಅಂಗವೈಕಲ್ಯ ವಾಸಿಯಾಗುತ್ತದೆ ಎಂಬ ನಂಬಿಕೆ. ತಾಯಂದಿರ ಸಂಕಟ ಅರ್ಥವಾಗುತ್ತದೆ, ಅವರನ್ನು ಬಯ್ಯಲಾರೆ. ಅಂಥ ಊರುಗಳಿಗೆ ಹೋಗಬೇಕಾದದ್ದು ವಿಜ್ಞಾನ ಸಂಘದ ಬಸ್ಸು. ಆದರೆ ಅಲ್ಲಿ ಬೀಚ್ ಇಲ್ಲ.

ಹಳ್ಳಿಗೆ ಹೋಗುವುದೇ ಇಲ್ಲ ಎಂದರೆ ತಪ್ಪಾದೀತು. ‘ಔಟ್‌ರೀಚ್’ ಎಂದು ವರ್ಷಕ್ಕೊಮ್ಮೆ ಹೋಗುತ್ತಾರೆ. ದತ್ತು ಪಡೆದ ಹಳ್ಳಿಯ ಸರ್ಕಾರಿ ಶಾಲೆ. ಅಡುಗೆ ಸೋಡಾ, ವಿನಿಗರ್ ಸುರಿದು ಜ್ವಾಲಾಮುಖಿ ಉಕ್ಕಿಸುತ್ತಾರೆ. ವಿವರಣೆ ಇಂಗ್ಲಿಷಿನಲ್ಲಿ. ಐದನೇ ಕ್ಲಾಸಿನ ಮಕ್ಕಳು ಬಾಯಿಬಿಟ್ಟು ನೋಡುತ್ತಾರೆ. ಬಾಯಿಬಿಟ್ಟ ಮುಖಗಳು ಫೋಟೋದಲ್ಲಿ ಚೆನ್ನಾಗಿ ಬರುತ್ತವೆ. ಬೆಳ್ಳಾವೆ ವೆಂಕಟನಾರಣಪ್ಪನವರು 1918ರಲ್ಲೇ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆ ಹೊರಡಿಸಿದ್ದರು. ಅವರು ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಇವರಿಗೆ ನೂರು ವರ್ಷದ ಮೇಲೂ ‘ರಿಯಾಕ್ಷನ್’ ಎನ್ನಲು ಕನ್ನಡ ಬಾಯಿಗೆ ಬರುವುದಿಲ್ಲ.

ಸಂಘ ಎಂದರೆ ಹೀಗೇ ಇರಬೇಕೆಂದೇನೂ ಬ್ರಹ್ಮ ಬರೆದಿಲ್ಲ. ಎಚ್. ನರಸಿಂಹಯ್ಯನವರು 1962ರಲ್ಲಿ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಬೆಂಗಳೂರು ಸೈನ್ಸ್ ಫೋರಂ ಶುರುಮಾಡಿದರು. ವಾರ ವಾರ ಉಪನ್ಯಾಸ. ಯಾರು ಬೇಕಾದರೂ ಬಂದು ಕೂರಬಹುದು, ಕೇಳಬಹುದು. ಆಮೇಲೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ವೈಜ್ಞಾನಿಕವಾಗಿ ಪರೀಕ್ಷಿಸಲು ಒಂದು ಸಮಿತಿಯನ್ನೇ ಮಾಡಿದರು. ದೊಡ್ಡ ದೊಡ್ಡ ಬಾಬಾಗಳಿಗೆ ಸವಾಲು ಹಾಕಿದರು. ಬೈಸಿಕೊಂಡರು. ಹಿಂದೆ ಸರಿಯಲಿಲ್ಲ. ಕುಲಪತಿಯಾದವನು ಹಾಗೂ ಇರಬಹುದಿತ್ತು.

ಈಗ ನಮ್ಮ ಸಂಘದವರಿಗೆ ಅವರ ಹೆಸರು ಗೊತ್ತಿದೆಯೇ? ಗೊತ್ತಿದೆ. ಅವರ ಜಯಂತಿ ಆಚರಿಸುತ್ತಾರೆ. ಭಾವಚಿತ್ರಕ್ಕೆ ಕುಂಕುಮ ಇಟ್ಟು, ಊದುಬತ್ತಿ ಹಚ್ಚಿ, ಮಂಗಳಾರತಿ ಎತ್ತುತ್ತಾರೆ. ಜಿಯೋಟ್ಯಾಗ್ ಇದೆ.

ತಡೆಯಲಾಗಲಿಲ್ಲ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ಕೇಳಿದ್ದು ಮೂರೇ. ಸಂಘದ ದೂರದರ್ಶಕವನ್ನು ರಾತ್ರಿ ಹೊತ್ತು ಎಷ್ಟು ಸಲ ಬಳಸಲಾಗಿದೆ? ಕಳೆದ ವರ್ಷದ ಕಾರ್ಯಕ್ರಮಗಳಲ್ಲಿ ವಿದ್ಯಾರ್ಥಿಗಳು ಕೇಳಿದ ಪ್ರಶ್ನೆಗಳು ಯಾವುವು? ಅವುಗಳಿಗೆ ಕೊಟ್ಟ ಉತ್ತರಗಳೇನು?

ಮೂವತ್ತನೇ ದಿನಕ್ಕೆ ಸರಿಯಾಗಿ ಉತ್ತರ ಬಂತು. ಮೊದಲನೆಯದಕ್ಕೆ: ‘ಸದರಿ ಉಪಕರಣ ಸುಸ್ಥಿತಿಯಲ್ಲಿರುತ್ತದೆ.’ ಎರಡನೆಯದಕ್ಕೆ: ‘ಯಾವುದೇ ಪ್ರಶ್ನೆಗಳು ಉದ್ಭವಿಸಿರುವುದಿಲ್ಲ.’ ಮೂರನೆಯದಕ್ಕೆ: ‘ಮೇಲಿನಂತೆ, ಅನ್ವಯಿಸುವುದಿಲ್ಲ.’ ಕೆಳಗೆ ಷರಾ: ಛಾಯಾಚಿತ್ರಗಳ ಪ್ರತಿ ಬೇಕಾದಲ್ಲಿ 72 ಪುಟಗಳಿಗೆ ಪುಟಕ್ಕೆ 2 ರೂಪಾಯಿಯಂತೆ 144 ರೂಪಾಯಿ ಪಾವತಿಸುವುದು.

ಪಾವತಿಸಿದೆ. ಕಟ್ಟು ಮನೆಗೆ ಬಂದಿದೆ. ಮೊದಲ ಪುಟದಲ್ಲೇ ಮುಖ್ಯ ಅತಿಥಿಗಳು ಒಂದು ಕಣ್ಣು ಮುಚ್ಚಿ ದೂರದರ್ಶಕದೊಳಗೆ ಬಗ್ಗಿ ನೋಡುತ್ತಿರುವ ಚಿತ್ರ. ಸಮಯ 4.12. ಮುಖದಲ್ಲಿ ವಿಸ್ಮಯ. ಸುತ್ತಲೂ ಆರೇಳು ಮೇಷ್ಟ್ರುಗಳು, ಅವರ ಮುಖದಲ್ಲೂ ವಿಸ್ಮಯ. ದೂರದರ್ಶಕದ ಮುಂಬದಿಯ ಕಪ್ಪು ಮುಚ್ಚಳ ಇನ್ನೂ ತೆಗೆದಿಲ್ಲ. ಅಕ್ಷಾಂಶ, ರೇಖಾಂಶ ಮಾತ್ರ ಆರು ದಶಮಾಂಶದವರೆಗೆ ಸರಿಯಾಗಿದೆ.